ಬಾದಾಮಿ ಮರಳುಗಲ್ಲಿನ ಅಡಿಯಲ್ಲಿ ಮಡಿಕೆ ಎಲ್ಲಿಗೆ ಹೋಗುತ್ತದೆ? ಅಡ್ಡಕೊಯ್ತ ಬಿಡಿಸಲು ಸಹಾಯ ಬೇಕು

ಮಲಪ್ರಭಾ_ದಂಡೆ

ಎಲ್ಲರಿಗೂ ನಮಸ್ಕಾರ. ಎಂಎಸ್ಸಿ ಪ್ರಾಜೆಕ್ಟ್‌ಗೆ ಕಲಾದಗಿ ಬೇಸಿನ್‌ನ (ಹಿಂದೆ ಮರಳು, ಕೆಸರು ಪದರಪದರವಾಗಿ ತುಂಬಿದ ತಗ್ಗು) ಒಂದು ಪಟ್ಟಿ ಮ್ಯಾಪ್ ಮಾಡಿದ್ದೇನೆ. ದಕ್ಷಿಣಕ್ಕೆ ಬಾದಾಮಿ ಗುಂಪಿನ ಮರಳುಗಲ್ಲು, ಹೆಚ್ಚುಕಡಿಮೆ ಮಟ್ಟಸ. ನನ್ನ ಪಟ್ಟಿಯಲ್ಲಿ ಅದರ ಡಿಪ್ (ಪದರ ಮಟ್ಟದಿಂದ ವಾಲಿದ ಕೋನ) 4 ಡಿಗ್ರಿ ದಾಟಿಲ್ಲ. ಉತ್ತರಕ್ಕೆ ಅದಕ್ಕಿಂತ ಹಳೆಯ ಬಾಗಲಕೋಟೆ ಗುಂಪಿನ ಕ್ವಾರ್ಟ್ಜೈಟ್ (ಬಹಳ ಗಟ್ಟಿಯಾದ ಮರಳಿನ ಕಲ್ಲು), ಶೇಲ್ (ಜೇಡಿಯಿಂದಾದ ಮೆತ್ತನೆ ಕಲ್ಲು), ಡಾಲಮೈಟ್ (ಸುಣ್ಣದ ಜಾತಿಯ ಕಲ್ಲು). ಇವು ಮಡಿಕೆ ಬಿದ್ದಿವೆ, ಮಡಿಕೆಯ ಅಕ್ಷ ಪೂರ್ವ–ಪಶ್ಚಿಮ. ಡಿಪ್ ಕೆಲವು ಕಡೆ 35, ಕೆಲವು ಕಡೆ 55 ಡಿಗ್ರಿ.

ಈಗ ಅಡ್ಡಕೊಯ್ತ (ಸೆಕ್ಷನ್) ಬಿಡಿಸಬೇಕು, ಅಂದರೆ ನೆಲವನ್ನು ನೇರ ಕೆಳಕ್ಕೆ ಕೊಯ್ದರೆ ಪದರಗಳು ಹೇಗೆ ಕಾಣುತ್ತವೆ ಅನ್ನುವ ಚಿತ್ರ. ರಸ್ತೆ ಹೋದ ಕಡೆ ಬಂಡೆ ಜಾಸ್ತಿ ಸಿಕ್ಕಿದ್ದರಿಂದ ಸೆಕ್ಷನ್ ರೇಖೆಯನ್ನೂ ಅದರ ಜೊತೆಗೇ ಎಳೆದಿದ್ದೇನೆ, ಉತ್ತರದಿಂದ 40 ಡಿಗ್ರಿ ಪಶ್ಚಿಮಕ್ಕೆ. ಅಡ್ಡ ಸ್ಕೇಲ್ 1:50,000. ಲಂಬ ಸ್ಕೇಲ್ 1:10,000, ಇಲ್ಲದಿದ್ದರೆ ಗುಡ್ಡಗಳೇ ಕಾಣುವುದಿಲ್ಲ.

ನನ್ನ ತೊಂದರೆ ಮರಳುಗಲ್ಲಿನ ಅಡಿಯದು. ಅಲ್ಲಿ ಬಾಗಲಕೋಟೆ ಗುಂಪು ಇರಲೇಬೇಕು, ಆದರೆ ಕಾಣುವುದಿಲ್ಲ. ಗೈಡ್ ಖಾಲಿ ಬಿಡಬೇಡ ಅಂತಾರೆ. ಉತ್ತರದ ಮಡಿಕೆಯನ್ನೇ ಮುಂದುವರಿಸು ಅಂತ ಗೆಳೆಯ ಹೇಳ್ತಾನೆ. ನೀವೇನು ಮಾಡ್ತೀರಿ?

ಹಳೇ_ಸುತ್ತಿಗೆ

ಮರಳುಗಲ್ಲಿನ ಅಡಿಗೆ ಹೋಗುವುದು ಆಮೇಲೆ. ಮೊದಲು ಆ ಲಂಬ ಸ್ಕೇಲ್ ತೆಗೆದುಹಾಕಿ. ನೀವು ಎತ್ತರವನ್ನು 5 ಪಟ್ಟು ಹಿಗ್ಗಿಸಿದ್ದೀರಿ. ಗುಡ್ಡ ಚೆನ್ನಾಗಿ ಕಾಣುತ್ತದೆ, ನಿಜ. ಕಲ್ಲು ಕೆಡುತ್ತದೆ.

ಡಿಪ್‌ನ ಟ್ಯಾನ್ ಬೆಲೆಯನ್ನು 5ರಿಂದ ಗುಣಿಸಿ ನೋಡಿ. ನಿಮ್ಮ 4 ಡಿಗ್ರಿ ಮರಳುಗಲ್ಲು ಚಿತ್ರದಲ್ಲಿ 19 ಡಿಗ್ರಿ ವಾಲುತ್ತದೆ. ಬಾದಾಮಿಗೆ ಹೋದವರು ಯಾರೂ ಅದನ್ನು ನಂಬುವುದಿಲ್ಲ, ಗುಹೆಗಳ ಮೇಲಿನ ಪದರಗಳು ಕಣ್ಣೆದುರೇ ಮಟ್ಟಸವಾಗಿವೆ. ಇನ್ನು 35 ಡಿಗ್ರಿಯದು 74 ಆಗುತ್ತದೆ, 55 ಡಿಗ್ರಿಯದು 82. ನೀವು ಕಷ್ಟಪಟ್ಟು ಅಳೆದ 20 ಡಿಗ್ರಿ ವ್ಯತ್ಯಾಸ 8ಕ್ಕೆ ಇಳಿಯಿತು. ಎಲ್ಲ ಪದರವೂ ಗೋಡೆ ಹಾಗೆ ನಿಂತುಬಿಡುತ್ತದೆ.

ಇನ್ನೊಂದು ಜಾಸ್ತಿ ಜನ ಗಮನಿಸದ ವಿಷಯ. ಹಿಗ್ಗಿಸಿದ ಚಿತ್ರದಲ್ಲಿ ಮಟ್ಟಸ ಪದರ 5 ಪಟ್ಟು ದಪ್ಪ ಆಗುತ್ತದೆ, ಕಡಿದಾದ ಪದರದ ದಪ್ಪ ಅಷ್ಟು ಬದಲಾಗುವುದಿಲ್ಲ. ಹಾಗಾಗಿ ಒಂದೇ ದಪ್ಪದ ಪದರ ಮಡಿಕೆಯ ನೆತ್ತಿಯಲ್ಲಿ ಉಬ್ಬಿ, ಪಕ್ಕಗಳಲ್ಲಿ ತೆಳುವಾಗಿ ಕಾಣುತ್ತದೆ. ಅದನ್ನು ನೋಡಿ ಯಾರಾದರೂ ನೆತ್ತಿಯಲ್ಲಿ ಶೇಲ್ ಹರಿದು ಸೇರಿಕೊಂಡಿದೆ ಅಂತ ಥಿಯರಿ ಕಟ್ಟುತ್ತಾರೆ. ಅಡ್ಡಕ್ಕೂ ಲಂಬಕ್ಕೂ ಒಂದೇ ಸ್ಕೇಲ್ ಇಡಿ. ಗುಡ್ಡ ಸಣ್ಣದಾಗಿ ಕಂಡರೆ ಕಾಣಲಿ ಬಿಡಿ.

ಪೆನ್ಸಿಲ್_ಮೊನೆ

ಮೇಲಿನದಕ್ಕೆ ನನ್ನದೂ ಹೌದು. ಕಾಲೇಜಿನಲ್ಲಿ ಇದನ್ನೇ ಕಲಿಸುತ್ತೇನೆ, ಆದ್ದರಿಂದ ರೇಖೆಯ ಬಗ್ಗೆ ಎರಡು ಮಾತು.

ಸ್ಟ್ರೈಕ್ (ವಾಲಿದ ಪದರದ ಮೇಲೆ ಮಟ್ಟಸವಾಗಿ ಎಳೆದ ಗೆರೆಯ ದಿಕ್ಕು) ಪೂರ್ವ–ಪಶ್ಚಿಮ, ನಿಮ್ಮ ರೇಖೆ ಅದಕ್ಕೆ 50 ಡಿಗ್ರಿ ಕೋನದಲ್ಲಿ ಹೋಗುತ್ತದೆ. ಹಾಗಿದ್ದಾಗ ಸೆಕ್ಷನ್‌ನಲ್ಲಿ ನಿಜವಾದ ಡಿಪ್ ಹಾಕುವ ಹಾಗಿಲ್ಲ. ತೋರಿಕೆಯ ಡಿಪ್ ಲೆಕ್ಕ ಹಾಕಬೇಕು: ನಿಜ ಡಿಪ್‌ನ ಟ್ಯಾನ್ ಗುಣಿಸು ಸ್ಟ್ರೈಕ್‌ಗೂ ರೇಖೆಗೂ ಇರುವ ಕೋನದ ಸೈನ್. 55 ಡಿಗ್ರಿಗೆ ಸುಮಾರು 48 ಬರುತ್ತದೆ. ಪದರಗಳ ದಪ್ಪವೂ ಚಿತ್ರದಲ್ಲಿ ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ.

ಲೆಕ್ಕ ಮಾಡಿ ಸರಿಪಡಿಸಬಹುದು. ಆದರೆ ಯಾಕೆ ಬೇಕು? ರೇಖೆಯನ್ನು ನೇರ ಉತ್ತರ–ದಕ್ಷಿಣಕ್ಕೆ ತಿರುಗಿಸಿ. ರಸ್ತೆ ಬದಿಯ ಅಳತೆಗಳನ್ನು ಅದರ ಮೇಲೆ ಪ್ರೊಜೆಕ್ಟ್ ಮಾಡಿ. ಪ್ರೊಜೆಕ್ಟ್ ಮಾಡುವಾಗ ಹತ್ತಿರದ ದಾರಿ ಅಂತ ಸಿಕ್ಕ ಕಡೆಯಿಂದ ಎಳೆದು ತರಬೇಡಿ. ಮಡಿಕೆಯ ಅಕ್ಷದ ಗುಂಟವೇ ತರಬೇಕು.

ಹಳೇ_ಸುತ್ತಿಗೆ

ಅಕ್ಷ ಮಟ್ಟಸವಾಗಿದ್ದರೆ ಅಷ್ಟು ಸಾಕು. ಕಲಾದಗಿ ಮಡಿಕೆಗಳಲ್ಲಿ ಬಹಳಷ್ಟು ಎರಡೂ ತುದಿಗೆ ಮುಳುಗುತ್ತವೆ (ಅಕ್ಷವೇ ನೆಲದೊಳಕ್ಕೆ ವಾಲುತ್ತದೆ), ನಕ್ಷೆಯಲ್ಲಿ ಉದ್ದನೆಯ ದೋಣಿ ಆಕಾರ ಬರುವುದು ಅದಕ್ಕೇ. ಅಕ್ಷ 8 ಡಿಗ್ರಿ ಮುಳುಗುತ್ತಿದೆ, ನಿಮ್ಮ ಬಂಡೆ ರೇಖೆಯಿಂದ ಒಂದೂವರೆ ಕಿಲೋಮೀಟರ್ ದೂರ ಇದೆ ಅಂದುಕೊಳ್ಳಿ. ರೇಖೆಗೆ ಬರುವಷ್ಟರಲ್ಲಿ ಅದೇ ಪದರ 210 ಮೀಟರ್ ಮೇಲೆ ಅಥವಾ ಕೆಳಗೆ ಇರುತ್ತದೆ. ಅಂಥ ಬಂಡೆಯನ್ನು ನೆಲದ ಮಟ್ಟದಲ್ಲೇ ಅಂಟಿಸಿದ ಸೆಕ್ಷನ್‌ಗಳನ್ನು ಬೇಕಾದಷ್ಟು ನೋಡಿದ್ದೇನೆ.

ಬೋರ್‌ವೆಲ್_ಬಸ್ಯಾ

ನಾನು ಓದಿದವನಲ್ಲ, ಬೋರ್ ಕೊರೆಸುವ ಗಾಡಿ ಇದೆ. ಬಾದಾಮಿ ತಾಲ್ಲೂಕಿನಲ್ಲೇ ಕೆಲಸ. ನಿಮ್ಮ ಈ ಚಿತ್ರ ಬಿಡಿಸಿದರೆ ನೀರು ಎಲ್ಲಿದೆ ಅಂತ ಗೊತ್ತಾಗ್ತದಾ? ಗೊತ್ತಾದರೆ ನಾನೂ ಕಲೀತೇನೆ. ಇಲ್ಲದಿದ್ದರೆ ತೆಂಗಿನಕಾಯಿ ಹಿಡಿದು ಬರುವವರೇ ವಾಸಿ, ಅಲ್ವಾ?

ಮಲಪ್ರಭಾ_ದಂಡೆ

ಬಸ್ಯಾ ಅಣ್ಣ, ನೀವು ಹೋಗಬೇಡಿ. ನಿಮ್ಮ ಹತ್ತಿರ ಕೇಳುವುದಿದೆ.

ಸ್ಕೇಲ್ ಮತ್ತು ರೇಖೆ ಬದಲಿಸಿ ನೆಲದ ಏರಿಳಿತದ ಹೊಸ ಪ್ರೊಫೈಲ್ ತೆಗೆದೆ, ಕ್ಯೂಜಿಐಎಸ್ ಅನ್ನುವ ನಕ್ಷೆಯ ಸಾಫ್ಟ್‌ವೇರ್‌ನಲ್ಲಿ ಎತ್ತರದ ಡೇಟಾ ಹಾಕಿ. ಈಗ ಮರಳುಗಲ್ಲಿನ ಅಡಿಗೆ ಬರೋಣ.

ಪೆನ್ಸಿಲ್_ಮೊನೆ

ಇಲ್ಲಿ ಬಿಡಿಸುವ ಕ್ರಮ ಮುಖ್ಯ. ಬಹಳ ಜನ ಹಳೆಯ ಕಲ್ಲಿನಿಂದ ಶುರು ಮಾಡುತ್ತಾರೆ, ಅದು ಮೊದಲು ಹುಟ್ಟಿದ್ದು ಅಂತ. ಕಾಗದದ ಮೇಲೆ ಉಲ್ಟಾ ಹೋಗಬೇಕು. ಎಲ್ಲಕ್ಕಿಂತ ಹೊಸದರಿಂದ ಶುರು ಮಾಡಿ.

ಮೊದಲು ಬಾದಾಮಿ ಮರಳುಗಲ್ಲಿನ ತಳದ ರೇಖೆ ಎಳೆಯಿರಿ. ಅದು ಅನ್‌ಕನ್‌ಫಾರ್ಮಿಟಿ. ಅಂದರೆ ಕೆಳಗಿನ ಪದರಗಳು ಮಡಚಿ, ಮೇಲೆದ್ದು, ಸವೆದು ಹೋದ ಮೇಲೆ ಮರಳು ಬಂದು ಕೂತ ಮೈ. ರಾಮದುರ್ಗದ ಸುತ್ತ ಇದನ್ನು ಕಣ್ಣಾರೆ ನೋಡಬಹುದು. ವಾಲಿದ ಕ್ವಾರ್ಟ್ಜೈಟ್‌ನ ಮೇಲೆ ಬಾದಾಮಿ ಗುಂಪಿನ ಮಟ್ಟಸ ಪದರ ಕೂತಿದೆ. ರಾಬರ್ಟ್ ಬ್ರೂಸ್ ಫೂಟ್ 1876ರಲ್ಲೇ ಜಿಎಸ್‌ಐಗಾಗಿ (ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆ) ಈ ಸೀಮೆಯ ವರದಿ ಬರೆದ.

ಆ ರೇಖೆಯನ್ನು ಅಂದಾಜಿನ ಮೇಲೆ ಎಳೆಯಬೇಕಿಲ್ಲ. ನಕ್ಷೆಯಲ್ಲಿ ಮರಳುಗಲ್ಲಿನ ಅಂಚು ಕಾಂಟೂರ್‌ಗಳ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು) ಜೊತೆ ಹೇಗೆ ಆಡುತ್ತದೆ ನೋಡಿ. ಕಾಂಟೂರ್ ಜೊತೆಜೊತೆಗೇ ಸುತ್ತಿದರೆ ತಳ ಮಟ್ಟಸ. ಕಾಂಟೂರ್ ಕತ್ತರಿಸಿಕೊಂಡು ಹೋದರೆ ವಾಲಿದೆ. ಅಂಚು 560 ಮೀಟರ್ ಕಾಂಟೂರ್ ದಾಟುವ ಬಿಂದುಗಳನ್ನು ಒಂದು ಗೆರೆಯಲ್ಲಿ ಸೇರಿಸಿ, 580ರದ್ದು ಇನ್ನೊಂದು ಗೆರೆಯಲ್ಲಿ. ಆ ಗೆರೆಗಳ ನಡುವಿನ ದೂರದಿಂದ ಡಿಪ್ ಸಿಗುತ್ತದೆ. ಇಷ್ಟು ಕಡಿಮೆ ವಾಲಿಕೆಗೆ ಇದು ಕ್ಲೈನೋಮೀಟರ್‌ಗಿಂತ (ವಾಲಿಕೆ ಅಳೆಯುವ ಸಾಧನ) ವಾಸಿ. ಬಂಡೆಯ ಮೇಲೆ ಕ್ಲೈನೋಮೀಟರ್ ಇಟ್ಟರೆ ಮರಳಿನ ಓರೆ ಪದರಗಳ ವಾಲಿಕೆಯನ್ನೇ ಅಳೆದುಕೊಂಡು ಬರುವ ಅಪಾಯ ಇದೆ.

ತಳದ ರೇಖೆ ಆದ ಮೇಲೆ ಬಾಗಲಕೋಟೆ ಗುಂಪಿಗೆ ಬನ್ನಿ. ಅದರ ಪದರಗಳು ತಳದ ರೇಖೆಗೆ ತಾಗಿ ಅಲ್ಲೇ ಕತ್ತರಿಸಿ ಹೋಗಬೇಕು. ಮರಳುಗಲ್ಲಿನ ಒಳಗೆ ಒಂದು ಗೆರೆಯೂ ಹೋಗಬಾರದು. ಮರಳುಗಲ್ಲು ಮಡಿಕೆಯ ಜೊತೆ ಬಾಗಬಾರದು.

ಕ್ಯಾಲ್ಗರಿ_ಕನ್ನಡಿಗ

ಧಾರವಾಡದಲ್ಲಿ ಓದಿ ಈಗ ಕೆನಡಾದಲ್ಲಿ ತೈಲದ ಕೆಲಸ. ಈ ಊರಿನಲ್ಲಿ ಕೂತು ಒಂದು ಮಾತು ಸೇರಿಸದಿದ್ದರೆ ತಪ್ಪಾಗುತ್ತದೆ. ಸೆಕ್ಷನ್ ಬ್ಯಾಲೆನ್ಸ್ ಮಾಡುವ ಪದ್ಧತಿ ಗಟ್ಟಿಯಾದದ್ದೇ ಇಲ್ಲಿನ ರಾಕಿ ಪರ್ವತದ ತಪ್ಪಲಿನಲ್ಲಿ. ಡಾಲ್‌ಸ್ಟ್ರಾಮ್ 1969ರಲ್ಲಿ ಬರೆದ ಪ್ರಬಂಧವನ್ನು ಇಂದಿಗೂ ಓದಿಸುತ್ತಾರೆ.

ಯೋಚನೆ ಸರಳ. ಚಾಪೆಯನ್ನು ಒಂದು ಬದಿಯಿಂದ ತಳ್ಳಿದರೆ ಮಡಿಕೆ ಬೀಳುತ್ತದೆ, ಆದರೆ ಚಾಪೆಯ ಉದ್ದ ಅಷ್ಟೇ ಇರುತ್ತದೆ. ಸೆಕ್ಷನ್‌ನಲ್ಲಿ ಕ್ವಾರ್ಟ್ಜೈಟ್‌ನ ಗೆರೆಯ ಉದ್ದವನ್ನು ದಾರ ಇಟ್ಟು ಅಳೆಯಿರಿ. ಅದರ ಮೇಲಿನ ಡಾಲಮೈಟ್‌ನ ಉದ್ದವನ್ನೂ ಅಳೆಯಿರಿ. ಒಂದು 12 ಕಿಲೋಮೀಟರ್, ಇನ್ನೊಂದು 9 ಅಂತ ಬಂದರೆ ನಡುವೆ ಏನೋ ಜಾರಿರಬೇಕು. ಎಲ್ಲಿ ಜಾರಿತು ಅಂತ ನೀವು ಚಿತ್ರದಲ್ಲಿ ತೋರಿಸಬೇಕು. ತೋರಿಸಲು ಆಗದಿದ್ದರೆ ಚಿತ್ರ ತಪ್ಪು.

ಆಳದ ಲೆಕ್ಕವೂ ಇದರಲ್ಲೇ ಸಿಗುತ್ತದೆ. ಚೇಂಬರ್ಲಿನ್ 1910ರಲ್ಲಿ ಪೆನ್ಸಿಲ್ವೇನಿಯಾದ ಅಪಲೇಶಿಯನ್ ಮಡಿಕೆಗಳಿಗೆ ಮಾಡಿದ ಲೆಕ್ಕ ಇದು. ಮಡಿಕೆ ಎದ್ದಾಗ ಮೂಲ ಮಟ್ಟಕ್ಕಿಂತ ಮೇಲೆ ಬಂದ ವಿಸ್ತೀರ್ಣವನ್ನು, ಪದರ ಗಿಡ್ಡವಾದ ಉದ್ದದಿಂದ ಭಾಗಿಸಿ. 3 ಚದರ ಕಿಲೋಮೀಟರ್ ಎದ್ದಿದೆ, ಒಂದೂವರೆ ಕಿಲೋಮೀಟರ್ ಗಿಡ್ಡವಾಗಿದೆ ಅಂದರೆ 2 ಕಿಲೋಮೀಟರ್ ಆಳದಲ್ಲಿ ಜಾರುವ ಮೈ ಇರಬೇಕು. ಅದಕ್ಕಿಂತ ಕೆಳಗೆ ಮಡಿಕೆ ಹೋಗುವುದಿಲ್ಲ.

ನಿಮ್ಮ ಗೆಳೆಯ ಮಡಿಕೆಯನ್ನು ಮುಂದುವರಿಸು ಅಂದರಲ್ಲ, ಅವರನ್ನು ಕೇಳಿ: ಕೆಳಗಡೆ ಎಷ್ಟು ಆಳದ ತನಕ? ಕಂಪಾಸ್ ಇಟ್ಟು ಡಿಪ್‌ಗಳಿಗೆ ಸರಿಯಾಗಿ ಕಮಾನು ಎಳೆಯುತ್ತಾ ಹೋದರೆ, ಕೆಳಕ್ಕೆ ಇಳಿದಂತೆ ಆಂಟಿಕ್ಲೈನ್‌ನ (ಮೇಲಕ್ಕೆ ಉಬ್ಬಿದ ಮಡಿಕೆ) ಒಳಗಿನ ಕಮಾನು ಸಣ್ಣದಾಗುತ್ತಾ ಕೊನೆಗೆ ಚೂಪಾಗಿ ಮುಗಿಯುತ್ತದೆ. ಅಲ್ಲಿಂದ ಕೆಳಗೆ ಪದರಕ್ಕೆ ಜಾಗವೇ ಇಲ್ಲ. ಕಲ್ಲು ಅಲ್ಲಿ ಬೇರೆ ಏನೋ ಮಾಡಿದೆ.

ಹಳೇ_ಸುತ್ತಿಗೆ

ಬ್ಯಾಲೆನ್ಸ್ ಒಳ್ಳೆಯದೇ. ಎಲ್ಲ ಕಡೆ ನಡೆಯುವುದಿಲ್ಲ ಅಂತಲೂ ಹೇಳಿ. ಪದರದ ದಪ್ಪ ಬದಲಾಗಬಾರದು, ಕಲ್ಲು ಸೆಕ್ಷನ್‌ನ ಒಳಕ್ಕೂ ಹೊರಕ್ಕೂ ಸರಿದಿರಬಾರದು, ರೇಖೆ ತಳ್ಳಿದ ದಿಕ್ಕಿನಲ್ಲೇ ಇರಬೇಕು. ಕ್ವಾರ್ಟ್ಜೈಟ್‌ಗೆ ಸರಿ. ಶೇಲ್ ಹಿಂಡಿದರೆ ಹರಿಯುತ್ತದೆ. ಎಲ್ಲದರ ಬುಡದಲ್ಲಿರುವ ಹಳೆಯ ಗಟ್ಟಿ ಕಲ್ಲು ನೈಸ್‌ಗೆ ಅಳೆಯಲು ಪದರವೇ ಇಲ್ಲ. ಎರಡೂ ತುದಿಗೆ ಮುಳುಗುವ ಮಡಿಕೆಯಲ್ಲಿ ಕಲ್ಲು ಸೆಕ್ಷನ್‌ನಿಂದ ಪಕ್ಕಕ್ಕೆ ಸರಿದಿಲ್ಲ ಅಂತ ಯಾರು ಗ್ಯಾರಂಟಿ ಕೊಡುತ್ತಾರೆ? ತೈಲದವರು ಎಲ್ಲ ಬೆಟ್ಟವನ್ನೂ ರಾಕಿ ಅಂದುಕೊಳ್ಳುತ್ತಾರೆ.

ಕ್ಯಾಲ್ಗರಿ_ಕನ್ನಡಿಗ

ಹಹ, ಒಪ್ಪಿದೆ. ಆದರೆ ಬ್ಯಾಲೆನ್ಸ್ ಆಗುವ ಸೆಕ್ಷನ್ ಸರಿ ಅಂತ ನಾನು ಹೇಳಲೇ ಇಲ್ಲ. ಆಗದ ಸೆಕ್ಷನ್‌ಗೆ ಕಾರಣ ಕೊಡಬೇಕು ಅಂದೆ, ಅಷ್ಟೇ.

ನನಗೆ ಜಾಸ್ತಿ ತಲೆಕೆಡಿಸುವುದು ಬೇರೆ ವಿಷಯ. ಕ್ಲೇರ್ ಬಾಂಡ್ ಮತ್ತು ಜೊತೆಯವರು 2007ರಲ್ಲಿ ಒಂದು ಪರೀಕ್ಷೆಯ ಫಲಿತಾಂಶ ಪ್ರಕಟಿಸಿದರು. ಕಂಪ್ಯೂಟರ್‌ನಲ್ಲಿ ತಾವೇ ತಯಾರಿಸಿದ ಒಂದು ಸೀಸ್ಮಿಕ್ ಚಿತ್ರವನ್ನು (ನೆಲದೊಳಕ್ಕೆ ಕಂಪನ ಕಳಿಸಿ ಪಡೆಯುವಂಥ ಚಿತ್ರ) 412 ಭೂವಿಜ್ಞಾನಿಗಳ ಕೈಗೆ ಕೊಟ್ಟು ಬಿಡಿಸಲು ಹೇಳಿದರು. ಉತ್ತರ ತಯಾರಿಸಿದವರಿಗೆ ಗೊತ್ತಿತ್ತು. ಮೂಲ ರಚನೆ ಯಾವ ಬಗೆಯದು ಅಂತ ಸರಿಯಾಗಿ ಹಿಡಿದವರು 21 ಶೇಕಡಾ ಮಾತ್ರ. ಜನ ತಮಗೆ ಪರಿಚಯ ಇದ್ದ ರಚನೆಯನ್ನೇ ಅದರಲ್ಲಿ ಕಂಡರು.

ಅದಕ್ಕೇ ನನ್ನ ಸಲಹೆ: ಮರಳುಗಲ್ಲಿನ ಅಡಿಗೆ ಒಂದಲ್ಲ, ಮೂರು ಸೆಕ್ಷನ್ ಬಿಡಿಸಿ. ಮಡಿಕೆ ಹಾಗೇ ಮುಂದುವರಿದದ್ದು ಒಂದು. ಸ್ತರಭಂಗದಲ್ಲಿ (ಕಲ್ಲು ಸೀಳಿ ಎರಡು ಬದಿ ಸರಿದ ಜಾಗ) ಕಡಿದುಹೋದದ್ದು ಒಂದು. ಮಡಿಕೆ ಸಪಾಟಾಗಿ ಪದರಗಳು ನೈಸ್‌ನ ಮೇಲೆ ತೆಳುವಾಗಿ ಮಲಗಿದ್ದು ಒಂದು.

ಹಳೇ_ಸುತ್ತಿಗೆ

ಮೂರು ಬಿಡಿಸಿದರೆ ಪರೀಕ್ಷಕರು ಮೂರಕ್ಕೂ ಬೈಯುತ್ತಾರೆ.

ತಮಾಷೆ ಬಿಡಿ. ಆ ಪರೀಕ್ಷೆಯಲ್ಲಿ ಇದ್ದದ್ದು ಒಂದೇ ಚಿತ್ರ. ಕಾಲಿಟ್ಟು ನಡೆಯಲು ನೆಲ ಇರಲಿಲ್ಲ, ಒಡೆದು ನೋಡಲು ಕಲ್ಲು ಇರಲಿಲ್ಲ. ಫೀಲ್ಡ್ ನೋಡಿದವನಿಗೆ ಒಂದು ಉತ್ತರ ಉಳಿದ ಎರಡಕ್ಕಿಂತ ವಾಸಿ ಅಂತ ಅನ್ನಿಸಲೇಬೇಕು. ಅನ್ನಿಸಿದ್ದನ್ನು ಬಿಡಿಸು, ನೋಡಿದ್ದಕ್ಕೆ ಗಟ್ಟಿ ಗೆರೆ, ಊಹಿಸಿದ್ದಕ್ಕೆ ಮುರುಕು ಗೆರೆ, ಏನೂ ತಿಳಿಯದ ಕಡೆ ಪ್ರಶ್ನೆ ಚಿಹ್ನೆ. ಮೂರು ಚಿತ್ರ ಕೊಟ್ಟು ಯಾವುದಾದರೂ ಆರಿಸಿಕೊಳ್ಳಿ ಅನ್ನುವುದು ನನಗೆ ಜವಾಬ್ದಾರಿ ತಪ್ಪಿಸಿಕೊಂಡ ಹಾಗೆ ಕಾಣುತ್ತದೆ.

ಸುರಂಗದವಳು

ಇಲ್ಲಿ ನಾನು ಕ್ಯಾಲ್ಗರಿಯವರ ಕಡೆ. ನಾನು ಸಿವಿಲ್ ಎಂಜಿನಿಯರ್, ಸುರಂಗದ ಕೆಲಸ. ನಮ್ಮ ಕೈಗೆ ಬರುವಷ್ಟರಲ್ಲಿ ಮುರುಕು ಗೆರೆ ಗಟ್ಟಿ ಗೆರೆಯಾಗಿರುತ್ತದೆ. ಡ್ರಾಯಿಂಗ್ ಆಫೀಸಿನಲ್ಲಿ ಯಾರೋ ಮತ್ತೆ ಟ್ರೇಸ್ ಮಾಡುತ್ತಾರೆ, ಪ್ರಶ್ನೆ ಚಿಹ್ನೆ ಅಂದವಾಗಿಲ್ಲ ಅಂತ ತೆಗೆಯುತ್ತಾರೆ.

ಸ್ವಿಟ್ಜರ್ಲೆಂಡ್‌ನ ಲೋಟ್ಷ್‌ಬರ್ಗ್ ರೈಲು ಸುರಂಗದ ಕಥೆ ಕೇಳಿದ್ದೀರಾ? ಗಾಸ್ಟರ್ನ್ ಕಣಿವೆಯ ಅಡಿಯಲ್ಲಿ, ನೆಲಕ್ಕಿಂತ ಸುಮಾರು 180 ಮೀಟರ್ ಆಳದಲ್ಲಿ ಸುರಂಗ ಹೋಗುತ್ತಿತ್ತು. ಅಷ್ಟು ಆಳದಲ್ಲಿ ಗಟ್ಟಿ ಬಂಡೆ ಇದ್ದೇ ಇರುತ್ತದೆ ಅಂತ ಸೆಕ್ಷನ್ ಹೇಳಿತ್ತು. ಹಿಮನದಿ ಕಣಿವೆಯನ್ನು ಅದಕ್ಕಿಂತ ಆಳಕ್ಕೆ ಕೊರೆದು, ಆಮೇಲೆ ಆ ಹಳ್ಳವನ್ನು ಜಲ್ಲಿ, ಮರಳು ತುಂಬಿತ್ತು. 1908ರ ಜುಲೈ 24ರಂದು ಸಿಡಿಮದ್ದು ಸಿಡಿಸಿದಾಗ ನೀರು ತುಂಬಿದ ಜಲ್ಲಿ ಒಳಗೆ ನುಗ್ಗಿತು. 25 ಕಾರ್ಮಿಕರು ಸತ್ತರು. ಆ ಭಾಗಕ್ಕೆ ಗೋಡೆ ಕಟ್ಟಿ, ಕಣಿವೆಯನ್ನು ಸುತ್ತುಹಾಕಿ ದಾರಿ ತಿರುಗಿಸಿದರು. ಸುರಂಗ ಕೊನೆಗೆ 14.6 ಕಿಲೋಮೀಟರ್ ಆಯಿತು.

ಅಲ್ಲಿ ಯಾರಾದರೂ ಎರಡನೆಯ ಸೆಕ್ಷನ್ ಬಿಡಿಸಿ, ಬಂಡೆಯ ಮೈಯನ್ನು 180 ಮೀಟರ್‌ಗಿಂತ ಕೆಳಗೆ ಎಳೆದಿದ್ದರೆ ಮುಂದಿನ ಪ್ರಶ್ನೆ ತಾನೇ ಬರುತ್ತಿತ್ತು: ಎಲ್ಲಿ ಒಂದು ಬೋರ್ ಕೊರೆದರೆ ಯಾವುದು ಸರಿ ಅಂತ ತಿಳಿಯುತ್ತದೆ? ನನಗೆ ಬೇಕಿರುವುದು ಅದೇ. ಎರಡು ಚಿತ್ರಗಳು ಎಲ್ಲಿ ಜಗಳ ಆಡುತ್ತವೋ ಅಲ್ಲಿ ದುಡ್ಡು ಹಾಕಬೇಕು.

ಕೋರ್_ಪೆಟ್ಟಿಗೆ

ರಾಯಚೂರು ಕಡೆ ಚಿನ್ನದ ಅನ್ವೇಷಣೆಯಲ್ಲಿ ಡ್ರಿಲ್ಲಿಂಗ್ ನೋಡಿಕೊಳ್ಳುತ್ತೇನೆ. ಬೋರ್ ಕೊರೆದರೆ ತಿಳಿಯುತ್ತದೆ ಅನ್ನುವುದು ಅರ್ಧ ನಿಜ.

ನೇರ ಕೆಳಕ್ಕೆ ಕೊರೆದ ಬೋರ್‌ನಲ್ಲಿ ಒಂದು ಪದರ 100 ಮೀಟರ್ ಸಿಕ್ಕಿತು ಅಂದುಕೊಳ್ಳಿ. ಪದರ 60 ಡಿಗ್ರಿ ವಾಲಿದ್ದರೆ ಅದರ ನಿಜ ದಪ್ಪ 50 ಮೀಟರ್ ಮಾತ್ರ. ಕೋರ್ (ಕೊರೆದು ತೆಗೆದ ಕೋಲಿನಂಥ ಕಲ್ಲು) ಕೈಗೆ ಬಂದರೂ ಪದರ ಎಷ್ಟು ವಾಲಿದೆ ಅಂತ ಕಾಣುತ್ತದೆ, ಯಾವ ದಿಕ್ಕಿಗೆ ಅಂತ ಕಾಣುವುದಿಲ್ಲ, ಕೋರ್ ಬ್ಯಾರೆಲ್ ಒಳಗೆ ತಿರುಗಿರುತ್ತದೆ. ಅದಕ್ಕೆ ದಿಕ್ಕು ಗುರುತು ಮಾಡಿದ ಓರಿಯೆಂಟೆಡ್ ಕೋರ್ ತೆಗೆಯಬೇಕು, ಖರ್ಚು ಜಾಸ್ತಿ. ಆಳಕ್ಕೆ ಹೋದ ಬೋರ್ ನೇರ ಹೋಗುವುದೂ ಇಲ್ಲ, ಬಾಗುತ್ತದೆ. ಸರ್ವೆ ಮಾಡದೆ ನೇರ ಗೆರೆ ಎಳೆದರೆ ಅದಿರು ಚಿತ್ರದಲ್ಲಿ ಬೇರೆ ಜಾಗದಲ್ಲಿ ಕೂರುತ್ತದೆ.

ಕೋಲಾರದಲ್ಲಿ ಗಣಿ 3 ಕಿಲೋಮೀಟರ್‌ಗಿಂತ ಆಳಕ್ಕೆ ಹೋಗಿತ್ತು, 2001ರಲ್ಲಿ ಮುಚ್ಚಿದರು. ಅಷ್ಟು ಆಳದ ತನಕ ಮನುಷ್ಯರು ಕಣ್ಣಾರೆ ನೋಡಿ ಬಿಡಿಸಿದ ಸೆಕ್ಷನ್ ಪ್ರಪಂಚದಲ್ಲಿ ಕೆಲವೇ ಇವೆ. ಅಲ್ಲಿ ಒಂದೇ ಬಗೆಯ ಸೆಕ್ಷನ್ ಸಾಲುತ್ತಿರಲಿಲ್ಲ. ಲೋಡ್‌ಗೆ (ಅದಿರಿನ ಪಟ್ಟಿ) ಅಡ್ಡಲಾಗಿ ಒಂದು, ಲೋಡ್‌ನ ಉದ್ದಕ್ಕೂ ಇನ್ನೊಂದು. ಅಡ್ಡಕೊಯ್ತದಲ್ಲಿ ತೆಳು ಗೆರೆಯಾಗಿ ಕಾಣುವ ಅದಿರು ಉದ್ದಕೊಯ್ತದಲ್ಲಿ ಓರೆಯಾಗಿ ಇಳಿಯುವ ಪಟ್ಟಿಯಾಗಿ ಕಾಣುತ್ತದೆ. ಒಂದನ್ನೇ ನೋಡಿದರೆ ಅದು ಮುಗಿದೇ ಹೋಯಿತು ಅನ್ನಿಸುತ್ತದೆ.

ಬೋರ್‌ವೆಲ್_ಬಸ್ಯಾ

ಕೋರ್ ಗೀರ್ ನಮಗೆ ಬರಲ್ಲ. ನಮ್ಮದು ಪುಡಿ. ಆದರೆ ಕಲ್ಲು ಬದಲಾದದ್ದು ನಮಗೆ ಗೊತ್ತಾಗ್ತದೆ. ಕೆಂಪು ಮರಳುಗಲ್ಲು ಮುಗಿದ ಕೂಡಲೇ ಬಿಟ್‌ನ (ಕೊರೆಯುವ ಮೊನೆ) ಸದ್ದೇ ಬೇರೆ. ದಂಡೆಯವರು ಹೇಳುವ ಸೀಮೆಯಲ್ಲಿ ಮೂರು ಬೋರ್ ಬರೆದಿಟ್ಟಿದ್ದೇನೆ. ಮೊದಲನೆಯದರಲ್ಲಿ 200 ಅಡಿಗೆ ಕೆಂಪು ಮುಗಿದು ಬೂದು ಜೇಡಿ ಪುಡಿ. ಎರಡನೆಯದು ಗುಡ್ಡದ ಮೇಲೆ, 310 ಅಡಿಗೆ ಅದೇ ಬೂದು ಪುಡಿ. ಮೂರನೆಯದು ಎರಡರ ನಡುವೆ. 90 ಅಡಿಗೇ ಬಿಳಿ ಕಲ್ಲು ಬಂತು, ಬಿಟ್ ಸವೆದು ಹೋಯಿತು, ರೈತ ಸಾಕು ಅಂದ. ಜಾಗ ಬೇಕಾದರೆ ಫೋನಿನಲ್ಲಿ ಮೆಸೇಜ್ ಮಾಡ್ತೇನೆ.

ಮಲಪ್ರಭಾ_ದಂಡೆ

ಬಸ್ಯಾ ಅಣ್ಣ, ಇದು ಚಿನ್ನ! ಜಾಗ ತೆಗೆದುಕೊಂಡು ನೆಲದ ಎತ್ತರ ನೋಡಿದೆ. ಮೊದಲನೆಯದು 612 ಮೀಟರ್, ಎರಡನೆಯದು 640, ಮೂರನೆಯದು 604. ಆಳವನ್ನು ಮೀಟರ್‌ಗೆ ತಂದು ಕಳೆದರೆ ಮರಳುಗಲ್ಲಿನ ತಳ ಹೀಗೆ ಬರುತ್ತದೆ: 551, 546, 577.

ಆಳ ನೋಡಿದರೆ 200ಕ್ಕೂ 310ಕ್ಕೂ ತುಂಬ ವ್ಯತ್ಯಾಸ ಅನ್ನಿಸಿತ್ತು. ಎತ್ತರಕ್ಕೆ ತಂದರೆ ಎರಡೂ ಹೆಚ್ಚುಕಡಿಮೆ ಒಂದೇ ಮಟ್ಟ. ನಡುವಿನದು ಮಾತ್ರ 25–30 ಮೀಟರ್ ಮೇಲಿದೆ. ಅಂದರೆ ಅಲ್ಲಿ ಸ್ತರಭಂಗ ಇದೆಯಾ?

ಕ್ಯಾಲ್ಗರಿ_ಕನ್ನಡಿಗ

ಇರಬಹುದು. ಎರಡು ಸ್ತರಭಂಗದ ನಡುವೆ ಮೇಲೆದ್ದ ತುಂಡು. ಆದರೆ ಮೂರನೆಯ ಬೋರ್‌ನಲ್ಲಿ ಕಲ್ಲೂ ಬೇರೆ ಬಂದಿದೆ ನೋಡಿ. ಬಿಳಿ, ಗಟ್ಟಿ, ಬಿಟ್ ಸವೆಸುವಂಥದ್ದು. ಅದು ಕ್ವಾರ್ಟ್ಜೈಟ್ ಇರಬೇಕು. ಅಕ್ಕಪಕ್ಕ ಶೇಲ್, ನಡುವೆ ಕ್ವಾರ್ಟ್ಜೈಟ್. ಶೇಲ್‌ಗಿಂತ ಕ್ವಾರ್ಟ್ಜೈಟ್ ಹಳೆಯದಾದರೆ ಇದು ಆಂಟಿಕ್ಲೈನ್, ಸವೆದು ಹೊಟ್ಟೆ ತೆರೆದುಕೊಂಡದ್ದು.

ಪೆನ್ಸಿಲ್_ಮೊನೆ

ಎತ್ತರಕ್ಕೂ ಅದರಲ್ಲೇ ಕಾರಣ ಇದೆ ಅಲ್ವಾ? ಮರಳು ಬಂದು ಕೂರುವ ಮುಂಚೆ ಅದು ತೆರೆದ ನೆಲ. ಶೇಲ್ ಬೇಗ ಸವೆದು ತಗ್ಗಾಯಿತು, ಕ್ವಾರ್ಟ್ಜೈಟ್ ದಿಣ್ಣೆಯಾಗಿ ಉಳಿಯಿತು. ಮರಳು ಮೊದಲು ತಗ್ಗು ತುಂಬಿ ಆಮೇಲೆ ದಿಣ್ಣೆಯನ್ನೂ ಮುಚ್ಚಿತು. ಇವತ್ತೂ ಸವದತ್ತಿಯ ಕಡೆ ಕ್ವಾರ್ಟ್ಜೈಟ್ ಗುಡ್ಡದ ಸಾಲಾಗಿ ನಿಂತಿಲ್ಲವೇ? ಮಲಪ್ರಭೆ ಅದನ್ನು ಸೀಳಿಕೊಂಡು ಹೋಗುವ ಜಾಗವೇ ನವಿಲುತೀರ್ಥ. ಅನ್‌ಕನ್‌ಫಾರ್ಮಿಟಿಯ ಗೆರೆಯನ್ನು ಸ್ಕೇಲ್ ಇಟ್ಟು ನೇರವಾಗಿ ಎಳೆಯಬೇಕು ಅಂತ ಯಾವ ನಿಯಮವೂ ಇಲ್ಲ.

ಸುರಂಗದವಳು

ಅಂದರೆ ಈಗ ಎರಡು ಸೆಕ್ಷನ್ ಆಯಿತು. ಮುಚ್ಚಿಹೋದ ದಿಣ್ಣೆ ಒಂದು, ಸ್ತರಭಂಗ ಒಂದು. ಸುತ್ತಿಗೆಯವರೇ, ಮೂರು ಆಗದಿದ್ದರೂ ಎರಡಕ್ಕೆ ಒಪ್ಪಿಗೆ ಇದೆಯಾ?

ಹಳೇ_ಸುತ್ತಿಗೆ

ಎರಡಕ್ಕೆ ಒಪ್ಪಿದೆ, ಆರಿಸಲು ದಾರಿ ಇರುವುದರಿಂದ. ಮರಳುಗಲ್ಲು ಕೂತ ಮೇಲೆ ಸ್ತರಭಂಗ ಆಗಿದ್ದರೆ ಮೇಲಿನ ಪದರಗಳೂ ಅಷ್ಟೇ 25–30 ಮೀಟರ್ ಏರುಪೇರಾಗಿರಬೇಕು. ಮರಳುಗಲ್ಲಿನ ಒಳಗೆ ಗುರುತು ಹಿಡಿಯಬಹುದಾದ ಒಂದು ಪದರ ಹುಡುಕಿ, ಕಾಂಟೂರ್ ಗುಂಟ ಮೂರನೆಯ ಬೋರ್‌ನ ಆಚೆ ಈಚೆ ನಡೆಯಿರಿ. ಅದೇ ಮಟ್ಟದಲ್ಲಿ ಮುಂದುವರಿದರೆ ಅಂಥ ಸ್ತರಭಂಗ ಇಲ್ಲ. ಮರಳು ಬರುವ ಮುಂಚಿನ ಹಳೆಯ ಸ್ತರಭಂಗ ಇರಬಹುದು, ಅದನ್ನು ತಳದ ಗೆರೆಯಲ್ಲೇ ನಿಲ್ಲಿಸಿ.

ದಿಣ್ಣೆಯಾಗಿದ್ದರೆ ಬೇರೆ ಗುರುತು ಸಿಗಬೇಕು. ಅದರ ಬುಡದಲ್ಲಿ ಕ್ವಾರ್ಟ್ಜೈಟ್ ಉಂಡೆಗಳ ಕಾಂಗ್ಲಾಮರೇಟ್ (ಉಂಡೆಗಲ್ಲು ಅಂಟಿಕೊಂಡು ಆದ ಕಲ್ಲು) ದಪ್ಪವಾಗಿ ಕೂತಿರುತ್ತದೆ, ನೆತ್ತಿಯ ಮೇಲೆ ತೆಳು. ಬಸ್ಯಾ, ಮೊದಲನೆಯ ಎರಡು ಬೋರ್‌ನಲ್ಲಿ ಬೂದು ಪುಡಿ ಬರುವ ಮುಂಚೆ ದಪ್ಪ ಬಿಳಿ ಚೂರು ಬಂದಿತ್ತಾ?

ಬೋರ್‌ವೆಲ್_ಬಸ್ಯಾ

ಮೊದಲನೆಯದರಲ್ಲಿ ಬಂದಿತ್ತು. ಕೊನೆಯ 15 ಅಡಿ ಬಿಳಿ ಚೂರು, ಗಾಡಿ ಕುಣಿದಾಡಿತು. ಎರಡನೆಯದು ರಾತ್ರಿ ಹುಡುಗರು ಕೊರೆದದ್ದು, ಅವರನ್ನು ಕೇಳಿ ಹೇಳ್ತೇನೆ. ನೀರು ಬಂದದ್ದೂ ಆ ಚೂರಿನಲ್ಲೇ. ನೀವು ಹೇಳುವ ಪ್ರಕಾರ ದಿಣ್ಣೆಯ ಇನ್ನೊಂದು ಬದಿ ಬುಡಕ್ಕೂ ಇಂಥದ್ದೇ ಇರಬೇಕಲ್ಲ? ಆ ಕಡೆ ಒಬ್ಬ ರೈತ ಬೋರ್ ಹಾಕಿಸಬೇಕು ಅಂತಿದ್ದಾನೆ.

ಹಳೇ_ಸುತ್ತಿಗೆ

ಇರಬಹುದು. ದಿಣ್ಣೆ ಪೂರ್ವ–ಪಶ್ಚಿಮಕ್ಕೆ ಉದ್ದ ಇರುತ್ತದೆ, ಆದ್ದರಿಂದ ಮೂರನೆಯ ಬೋರ್‌ನಿಂದ ನೇರ ಪೂರ್ವಕ್ಕೂ ಪಶ್ಚಿಮಕ್ಕೂ ಹೋಗಬೇಡ, ಮತ್ತೆ ಅದೇ ಬಿಳಿ ಕಲ್ಲು ಸಿಗುತ್ತದೆ. ಚೂರು ಎಷ್ಟು ದೂರ ಹರಡಿದೆ ಅಂತ ಈಗಿನ ಮಾಹಿತಿಯಲ್ಲಿ ಹೇಳಲು ಆಗುವುದಿಲ್ಲ. ರೈತನಿಗೆ ಗ್ಯಾರಂಟಿ ಕೊಡಬೇಡ. ಕೊರೆಯುವುದಾದರೆ ಪ್ರತಿ 10 ಅಡಿಗೆ ಒಂದು ಹಿಡಿ ಪುಡಿ ಕವರಿನಲ್ಲಿ ಕಟ್ಟಿ, ಆಳ ಬರೆದು ದಂಡೆಯವರಿಗೆ ಕೊಡು.

ಮಲಪ್ರಭಾ_ದಂಡೆ

ಕವರ್‌ಗಳನ್ನು ನಾನೇ ತಂದುಕೊಡ್ತೇನೆ. ಸೆಕ್ಷನ್ ಎರಡು ಬಿಡಿಸುತ್ತಿದ್ದೇನೆ, ದಿಣ್ಣೆಯದ್ದು ಮುಖ್ಯ, ಸ್ತರಭಂಗದ್ದು ಚಿಕ್ಕದಾಗಿ ಪಕ್ಕಕ್ಕೆ. ಬೋರ್‌ಗಳ ದಕ್ಷಿಣಕ್ಕೆ ಏನೂ ಸಿಗದ ಕಡೆ ಗೆರೆ ನಿಲ್ಲಿಸಿ ಪ್ರಶ್ನೆ ಚಿಹ್ನೆ ಹಾಕಿದ್ದೇನೆ. ಗೈಡ್ ಅದನ್ನು ನೋಡಿ ಏನಂತಾರೋ ನಾಳೆ ಬರೆಯುತ್ತೇನೆ.